ಶರಾವತಿಯ ಸೀಮೆಯಲ್ಲಿ ಎರಡು ಲೆಕ್ಕಗಳು

ಊರಿಗೆ ಹೋಗುವುದೆಂದರೆ ಮುಂಬಯಿಯಲ್ಲಿರುವ ನಮ್ಮಂಥವರಿಗೆ ಹಬ್ಬವೇ ಸರಿ. ಆದರೆ ಹೋಗುವುದಕ್ಕೆ ಊರೇ ಉಳಿಯದವರನ್ನು ಕಳೆದ ರಜೆಯಲ್ಲಿ ಸಾಗರದ ಕಡೆ ಕಂಡು ಬಂದೆವು. ಆ ಸಂಗತಿಯನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮಲೆನಾಡಿನ ಹಳ್ಳಿ ಬಯಲುಸೀಮೆಯದರಂತೆ ಒತ್ತಾಗಿ ನೆರೆದದ್ದಲ್ಲ. ಇಲ್ಲೊಂದು ಮನೆ, ಗುಡ್ಡದಾಚೆ ಮತ್ತೊಂದು. ಕಣಿವೆಯಲ್ಲಿ ಅಡಕೆಯ ತೋಟ, ಅದಕ್ಕೆ ಗೊಬ್ಬರದ ಸೊಪ್ಪು ಕೊಡುವ ಬೆಟ್ಟ ಮೇಲುಗಡೆ. ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಕುಶಲಪ್ರಶ್ನೆ.

ಈ ನೆಲವನ್ನಾಳಿದವರು ಕೆಳದಿಯ ಅರಸರು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೂ, ಅಲ್ಲಿಂದ ಬಿದನೂರಿಗೂ ಹೋಯಿತು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮುಂದೆ ನಿಂತಾಗ, 17ನೆಯ ಶತಮಾನದ ಮಧ್ಯಭಾಗದಲ್ಲಿ ಆಳಿದ ಶಿವಪ್ಪನಾಯಕನ ನೆನಪಾಯಿತು. ಅವನ ಕಂದಾಯದ ಕಟ್ಟಳೆಗೆ ಶಿಸ್ತು ಎಂದು ಹೆಸರು. ಭೂಮಿಯನ್ನು ಐದು ದರ್ಜೆಯಾಗಿ ವಿಂಗಡಿಸಿ, ಒಂದೊಂದು ಬಗೆಯ ಹೊಲವನ್ನು 12 ವರ್ಷ ತಾನೇ ಸಾಗುವಳಿ ಮಾಡಿಸಿ, ಬಿತ್ತನೆ, ಖರ್ಚು, ಹುಟ್ಟುವಳಿಗಳ ಸರಾಸರಿ ತೆಗೆದು, ಆಮೇಲೆ ಕಂದಾಯ ನಿಗದಿಮಾಡಿದನೆಂದು ಹೇಳುತ್ತಾರೆ. ರೈತನಿಂದ ಪಡೆಯುವ ಮುನ್ನ ರೈತನ ಕಷ್ಟವನ್ನು ಅಳೆದ ಲೆಕ್ಕವದು.

ಇಕ್ಕೇರಿಯಿಂದ ಶರಾವತಿಯ ಹಿನ್ನೀರಿನ ಕಡೆಗೆ ಹೊರಟೆವು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ 1948ರಲ್ಲಿ ಜೋಗದಲ್ಲಿ ವಿದ್ಯುತ್ತು ಹುಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಕಟ್ಟೆಯೂ, ಸುತ್ತಲಿನ ಅನೇಕ ಹಳ್ಳಿಗಳೂ ಮುಳುಗಿದವು. ನಾಡಿಗೆ ಬೆಳಕು ಬಂತು, ಕಾರ್ಖಾನೆಗಳು ತಿರುಗಿದವು. ಅದು ಸಣ್ಣ ಸಾಧನೆಯೆಂದು ಯಾರೂ ಹೇಳಲಾರರು.

ದಡದಲ್ಲಿ ಕುಳಿತಿದ್ದ ವೃದ್ಧರೊಬ್ಬರು ನೀರಿನ ಕಡೆ ಕೈ ತೋರಿಸಿ, "ಅಗೋ, ಅಲ್ಲಿತ್ತು ಸ್ವಾಮಿ ನಮ್ಮ ಮನೆ. ಅಪ್ಪಯ್ಯ ಬಾಗಿಲಿಗೆ ಬೀಗ ಹಾಕಿಕೊಂಡೇ ಬಂದರು. ಬೀಗದ ಕೈ ಇನ್ನೂ ಇದೆ" ಎಂದರು. ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಹೀಗೆ ಎದ್ದುಹೋದ ಎಷ್ಟೋ ಸಂಸಾರಗಳು, ತಮಗೆ ತೋರಿಸಿಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಆರು ದಶಕ ಕಳೆದ ಮೇಲೂ ಅಲೆಯುತ್ತಿವೆ. ಹಿನ್ನೀರಿನಾಚೆಯ ಹಳ್ಳಿಗಳವರು ಲಾಂಚನ್ನೇ ನಂಬಿಕೊಂಡಿದ್ದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ.

ನಾವು ಊರು ಬಿಟ್ಟದ್ದು ನೌಕರಿಗಾಗಿ, ನಮ್ಮ ಇಚ್ಛೆಯಿಂದ. ಅವರು ಬಿಟ್ಟದ್ದು ನಾಡಿಗಾಗಿ. ರಾಜ್ಯೋತ್ಸವದ ದಿನ ಸಾಲುದೀಪ ಹಚ್ಚುವಾಗ ಕನ್ನಡದ ಅರಸರನ್ನೂ ಕವಿಗಳನ್ನೂ ನೆನೆಯುತ್ತೇವೆ. ಜೋಗವನ್ನು ನೋಡಿ ಹಿಗ್ಗುವ ನಾವು ಆ ಬೀಗದ ಕೈಯನ್ನೂ ನೆನೆಯೋಣ. ಶಿವಪ್ಪನಾಯಕನ ಲೆಕ್ಕ ಮುಗಿಯಲು 12 ವರ್ಷ ಸಾಕಾಯಿತು. ಈ ಲೆಕ್ಕ ಇನ್ನೂ ಮುಗಿದಿಲ್ಲ.