ನುಸಿಗೆರೆಯ ಬೇಸಿಗೆ

ಉತ್ತರ ಐಸ್ಲೆಂಡಿನಲ್ಲಿ ಮೀವಾತ್ನ್ ಎಂಬುದೊಂದು ಸರೋವರವುಂಟು. ಆ ನಾಡಿನ ಭಾಷೆಯಲ್ಲಿ ‘ಮೀ’ ಎಂದರೆ ನುಸಿ. ‘ವಾತ್ನ್’ ಎಂದರೆ ನೀರು, ಸರೋವರ. ನಮ್ಮ ವ್ಯಾಕರಣದಂತೆ ಸಮಾಸ ಮಾಡಿ ‘ನುಸಿಗೆರೆ’ ಎನ್ನಬಹುದು. ಈ ‘ವಾತ್ನ್’ ಶಬ್ದವೂ ಸಂಸ್ಕೃತದ ‘ಉದಕ’ವೂ ಒಂದೇ ಮೂಲದಿಂದ ಕವಲೊಡೆದವೆಂದು ಭಾಷಾಶಾಸ್ತ್ರಜ್ಞರ ಮತ. ಆದರೆ ಕೆರೆಯೆಂದರೆ ಮನುಷ್ಯರು ಕಟ್ಟಿಸಿದ್ದು; ಇದನ್ನು ಕಟ್ಟಿದ್ದು ಬೆಂಕಿ. ಸುಮಾರು 2300 ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾರಸವು ಹೆಪ್ಪುಗಟ್ಟಿ ನೀರಿಗೆ ಏರಿಯಾಯಿತು. ವಿಸ್ತಾರ 37 ಚದರ ಕಿಲೋಮೀಟರು. ಆಳವೋ, ಬಹುಪಾಲು ಕಡೆ ಎರಡೂವರೆ ಮೀಟರಿನ ಆಸುಪಾಸು.

ನೀರು ತೆಳುವಾದುದರಿಂದಲೇ ಅಲ್ಲಿ ಜೀವ ತುಂಬಿದೆ. ಮೇ ತಿಂಗಳಲ್ಲಿ ಮಂಜುಗಡ್ಡೆ ಕರಗುತ್ತಲೇ ಬಿಸಿಲು ತಳವನ್ನು ಮುಟ್ಟುತ್ತದೆ. ಜೂನಿನಲ್ಲಂತೂ ಅಲ್ಲಿ ಇರುಳೆಂಬುದು ಹೆಸರಿಗೆ ಮಾತ್ರ. ಲಾವಾಬಂಡೆಗಳ ಸಂದಿನಿಂದ ಒಸರುವ ಒರತೆಗಳು ಸಿಲಿಕವನ್ನು ಕರಗಿಸಿ ತರುತ್ತವೆ. ಅದರಿಂದ ಚಿಪ್ಪು ಕಟ್ಟಿಕೊಂಡು ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ. ಪಾಚಿಯನ್ನು ನುಸಿಯ ಹುಳು ತಿನ್ನುತ್ತದೆ. ಹುಳುವನ್ನು ಮೀನೂ ಬಾತೂ ತಿನ್ನುತ್ತವೆ. ರೆಕ್ಕೆ ಬಂದ ನುಸಿಗಳು ದಡದ ಮೇಲೆ ಹೊಗೆಯ ಕಂಬಗಳಂತೆ ಎದ್ದು ನಿಲ್ಲುತ್ತವೆ. ಇವು ಕಚ್ಚುವುದಿಲ್ಲ, ಆದರೆ ಮೂಗುಬಾಯಿಗಳಿಗೆ ನುಗ್ಗುವುದರಿಂದ ಜನ ಮುಖಕ್ಕೆ ಬಲೆ ತೊಟ್ಟು ನಡೆಯುತ್ತಾರೆ. ಸತ್ತ ನುಸಿ ಬಿದ್ದ ಕಡೆ ಹುಲ್ಲು ಕೊಬ್ಬುತ್ತದೆ. ಇನ್ನು ನಡುಗಡ್ಡೆಗಳು: ಸ್ಲೂಟ್ನೆಸ್ ಎಂಬಲ್ಲಿ ಭೂರ್ಜ, ನೀರವಂಜಿ, ಆಳೆತ್ತರದ ಆಂಜೆಲಿಕ ಗಿಡಗಳು ದಟ್ಟವಾಗಿ ಬೆಳೆದು ಹೆಸರಾದವು.

ಬಾತುಗಳಲ್ಲಿ ಹತ್ತಕ್ಕೂ ಹೆಚ್ಚು ಜಾತಿಗಳು ಇಲ್ಲಿ ಮರಿ ಮಾಡುತ್ತವೆ. ಅವುಗಳಲ್ಲಿ ಒಂದಕ್ಕೆ ‘ಮನೆಬಾತು’ ಎಂದೇ ಹೆಸರು. ಮೂಲತಃ ಅಮೆರಿಕದ ಹಕ್ಕಿಯಿದು. ಯೂರೋಪಿನಲ್ಲಿ ಐಸ್ಲೆಂಡನ್ನು ಬಿಟ್ಟರೆ ಇದಕ್ಕೆ ತವರಿಲ್ಲ. ಅಮೆರಿಕದಲ್ಲಿ ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಇಲ್ಲಿ ದೊಡ್ಡ ಮರಗಳೇ ಇಲ್ಲವಲ್ಲ! ಆದುದರಿಂದ ಲಾವಾಬಂಡೆಯ ಬಿಲಗಳನ್ನೂ ರೈತರ ಮನೆ ಕೊಟ್ಟಿಗೆಗಳ ಗೋಡೆಯ ಗೂಡುಗಳನ್ನೂ ಹುಡುಕಿಕೊಂಡಿತು. ರೈತರು ಅದಕ್ಕೆ ಎಡೆಮಾಡಿ ಕೊಟ್ಟರು. ಪುಕ್ಕಟೆಯಾಗಿ ಅಲ್ಲ, ಮೊಟ್ಟೆ ತೆಗೆದುಕೊಳ್ಳುತ್ತಿದ್ದರು. ಆದರೆ ತಲೆಮಾರುಗಳಿಂದ ಬಂದ ಕಟ್ಟಳೆಯೊಂದಿತ್ತು: ಗೂಡಿನಲ್ಲಿ ಕನಿಷ್ಠ ನಾಲ್ಕು ಮೊಟ್ಟೆಗಳನ್ನು ಬಿಡಲೇಬೇಕು. ಪ್ರತಿ ಬೇಸಿಗೆಯೂ ಗೂಡುಗಳನ್ನು ಎಣಿಸುತ್ತಿದ್ದ ಜನಕ್ಕೆ, ಎಷ್ಟು ತೆಗೆದರೆ ಮುಂದಿನ ವರ್ಷ ಎಷ್ಟು ಹಕ್ಕಿ ಬಂದೀತೆಂಬುದು ತಿಳಿದಿತ್ತು. ಪುಸ್ತಕ ಓದಿದವರ ಪಕ್ಷಿವೀಕ್ಷಣೆಗಿಂತ ಇದು ಕಡಮೆಯದೆಂದು ನಾನು ಭಾವಿಸುವುದಿಲ್ಲ.

ಈ ರೈತರೇ 1970ರಲ್ಲಿ ದೇಶವನ್ನು ಬೆಚ್ಚಿಬೀಳಿಸಿದರು. ಸರೋವರದಿಂದ ಹೊರಡುವ ಲಾಕ್ಸೌ ನದಿಗೆ ಎತ್ತರದ ಅಣೆಕಟ್ಟು ಹಾಕಿ, ಕೆಳಗಿನ ಕಣಿವೆಯನ್ನು ಮುಳುಗಿಸಿ ವಿದ್ಯುತ್ತು ಪಡೆಯುವ ಯೋಜನೆ ಸಿದ್ಧವಾಗಿತ್ತು. ಮನವಿಗಳು ಹೋದುವು, ಸಭೆಗಳು ನಡೆದುವು, ಕೇಳುವವರಿರಲಿಲ್ಲ. ಆಗಸ್ಟ್ 25ರಂದು ರೈತರು ಗುಂಪುಗೂಡಿ ಸರೋವರದ ಬಾಯಲ್ಲಿ ಮೊದಲೇ ಕಟ್ಟಿದ್ದ ಸಣ್ಣ ಅಡ್ಡಗಟ್ಟೆಯೊಂದನ್ನು ಡೈನಮೈಟು ಇಟ್ಟು ಉಡಾಯಿಸಿದರು. ಆ ಡೈನಮೈಟೂ ವಿದ್ಯುತ್ ಕಂಪೆನಿಯವರೇ ಅಲ್ಲಿ ಬಿಟ್ಟುಹೋಗಿದ್ದ ದಾಸ್ತಾನು! ಮಾಡಿದವರಾರೆಂಬ ವಿಚಾರಣೆ ನಡೆದಾಗ ನೂರಕ್ಕೂ ಹೆಚ್ಚು ಮಂದಿ ‘ನಾವೇ’ ಎಂದು ಒಪ್ಪಿಕೊಂಡರು. ಮದ್ದಿಡುವುದು ಕಾನೂನು ಮೆಚ್ಚುವ ಮಾರ್ಗವಲ್ಲ, ನಿಜ. ಆದರೂ ಅವರನ್ನು ಪುಂಡರೆನ್ನಲು ನನಗೆ ನಾಲಗೆ ಏಳದು. ಮೊಕದ್ದಮೆಯೇನೋ ನಡೆಯಿತು, 1973ರಲ್ಲಿ ರಾಜಿಯಾಗಿ ಎತ್ತರದ ಅಣೆಕಟ್ಟು ನಿಂತುಹೋಯಿತು. 1974ರಲ್ಲಿ ಸರೋವರವನ್ನೂ ನದಿಯನ್ನೂ ರಕ್ಷಿಸುವ ಶಾಸನ ಬಂತು. ದಡದಲ್ಲಿ ಸಂಶೋಧನಾ ಕೇಂದ್ರವೂ ತೆರೆಯಿತು. ಅಂದಿನಿಂದ ವಿಜ್ಞಾನಿಗಳು ಬೇಸಿಗೆಗೊಮ್ಮೆ ಬಾತುಗಳನ್ನೂ ನುಸಿಗಳನ್ನೂ ಲೆಕ್ಕ ಹಾಕುತ್ತ ಬಂದಿದ್ದಾರೆ. ನುಸಿಯ ಸಂಖ್ಯೆ ಐದರಿಂದ ಎಂಟು ವರ್ಷಗಳಿಗೊಮ್ಮೆ ಏರಿ, ಬಳಿಕ ಪಾತಾಳಕ್ಕಿಳಿಯುತ್ತದೆಂದು ಈ ಲೆಕ್ಕದಿಂದ ತಿಳಿಯಿತು. ಅದು ಇಳಿದ ವರ್ಷ ಬಾತುಮರಿಗಳಿಗೆ ಬರಗಾಲ.

ಆದರೆ ಒಂದನ್ನು ರೈತರೂ ಲೆಕ್ಕಕ್ಕೆ ತಂದಿರಲಿಲ್ಲ. ಸರೋವರದ ತಳದಲ್ಲಿ ಹಸುರು ಮಕಮಲ್ಲಿನಂಥ ಪಾಚಿಯ ಉಂಡೆಗಳು ಹಾಸಿಕೊಂಡಿದ್ದವು. ಅಲೆಗಳ ತೊನೆತಕ್ಕೆ ಉರುಳುರುಳಿ ಗುಂಡಗಾದ ಇಂಥ ಉಂಡೆಗಳು ಜಗತ್ತಿನ ಬೆರಳೆಣಿಕೆಯ ಸರೋವರಗಳಲ್ಲಿ ಮಾತ್ರ ಕಂಡಿವೆ. ಬಲೆಗೆ ಅಂಟಿ ಪೀಡಿಸುತ್ತಿದ್ದುದರಿಂದ ಮೀನುಗಾರರು ಇದಕ್ಕೆ ‘ಉಂಡೆಗಸ’ ಎಂಬರ್ಥದ ಹೆಸರಿಟ್ಟಿದ್ದರು. ತಳದ ಡಯಾಟಮ್ ಮಣ್ಣನ್ನು ಬಾಚುವ ಕಾರ್ಖಾನೆಯೊಂದು 1967ರಿಂದ 2004ರವರೆಗೆ ನಡೆದು ಮುಚ್ಚಿತು. ನೀರು ಕದಡಿ ಬೆಳಕು ತಗ್ಗಿದ್ದು, ಕೆಸರು ಕವಿದದ್ದು ಉಂಡೆಗಳಿಗೆ ಮುಳುವಾಯಿತೆನ್ನುತ್ತಾರೆ ತಜ್ಞರು. 2006ರಲ್ಲಿ ಸರ್ಕಾರ ಈ ಪಾಚಿಗೆ ರಕ್ಷಣೆಯ ಪಟ್ಟ ಕಟ್ಟಿತು. 2014ರ ಹೊತ್ತಿಗೆ ಆ ಹಾಸುಗಳು ಅಳಿದುಹೋಗಿದ್ದವು.