ಬಾಡಿಗೆ ಅಂದ್ರ ಬೆಳೆ ಅಲ್ಲ: ವಿರೂಪಾಪುರ ಗಡ್ಡಿಯಿಂದ ನಾವು ಕಲಿಯಬೇಕಾದ್ದು

ಈ ಸಲದ ಟಿಪ್ಪಣಿ ಗೊಬ್ಬರ, ಎಣ್ಣಿ ಬಗ್ಗೆ ಅಲ್ಲ. ಸ್ವಲ್ಪ ಉದ್ದ ಐತಿ, ಪುರಸೊತ್ತಿನಾಗ ಓದ್ರಿ.

ಹೋದ ವಾರ ಬದುವಿನ ಹುಲ್ಲು ಕೊಯ್ಯುತ್ತಾ ಇದ್ದೆ. ಬೆಂಗಳೂರಿನ ಗಾಡಿ ಒಂದು ಬಂದು ನಿಂತಿತು. ಇಬ್ಬರು ಇಳಿದರು, ಜೊತೆಗೆ ನಮ್ಮ ಕಡೆಯ ದಲ್ಲಾಳಿ ಒಬ್ಬ. ಬಂಡೆ ಪಕ್ಕದ ಎರಡು ಎಕರೆ ಹತ್ತು ವರ್ಷಕ್ಕೆ ಲೀಜಿಗೆ ಬೇಕಂತೆ. ಗುಡಿಸಲು ತರಹದ ಕೋಣೆ ಹಾಕ್ತಾರಂತೆ, ಸಿಮೆಂಟ್ ಜಾಸ್ತಿ ಬಳಸೋದಿಲ್ಲವಂತೆ. ದಲ್ಲಾಳಿ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾ, ಎರಡು ಬೆಳೆ ನೆಲ್ಲು ತೆಗೆದ್ರೂ ಇಷ್ಟು ಉಳಿಯಂಗಿಲ್ಲ. ಸುಮ್ನ ಮನ್ಯಾಗ ಕುಂತು ಉಣ್ಣೋದು ಬಿಟ್ಟು ಯಾಕ ಒದ್ದಾಡ್ತಿ?" ಅಂದ.

ಅವನು ಸುಳ್ಳು ಹೇಳಲಿಲ್ಲ. ಲೆಕ್ಕ ಹಾಕಿದರೆ ಹಂಗೇ ಐತಿ. 2024ರ ಆಗಸ್ಟ್‌ನಾಗ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ನಮ್ಮ ಎದೆ ಎಷ್ಟು ಹೊಡೆದುಕೊಂಡಿತ್ತು ಅಂತ ನಿಮಗೆಲ್ಲ ಗೊತ್ತು. ಆಮೇಲೆ ಎಲ್ಲಾ ಗೇಟ್ ಬದಲಿಸುವ ಕೆಲಸ ಬಂತು, ಎರಡನೇ ಬೆಳೆಗೆ ನೀರು ಇಲ್ಲ ಅಂತ ಆಯ್ತು. ಕಾಲುವೆ ಒಣಗಿದಾಗಲೇ ದಲ್ಲಾಳಿ ಬರೋದು. ಅವನಿಗೂ ನಮ್ಮ ಹಂಗಾಮು ಗೊತ್ತೈತಿ.

"ನಾಳೆ ಹೇಳ್ತೀನಿ" ಅಂದು ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ವಿರೂಪಾಪುರ ಗಡ್ಡಿ ನೆನಪಾಯ್ತು. ಆ ಕಥೆ ನಮಗೆಲ್ಲ ತುಂಡು ತುಂಡಾಗಿ ಗೊತ್ತು. ಒಂದು ಸಲ ಮೊದಲಿಂದ ಕೊನೆವರೆಗೂ ಜೋಡಿಸಿ ನೋಡೋಣ ಅಂತ ಬರೆಯುತ್ತಿದ್ದೇನೆ.

ಗಡ್ಡಿ ಅಂದರೆ ಹೊಳೆ ನಡುವಿನ ನೆಲ. ಹಂಪಿ ವಿರೂಪಾಕ್ಷ ಗುಡಿಯ ಎದುರು ದಂಡೆಗೆ ತುಂಗಭದ್ರೆಯ ಕವಲುಗಳು ಸುತ್ತುವರಿದ ನೆಲ ಅದು. ಸುತ್ತ ಬಂಡೆ, ನಡುವೆ ಗದ್ದೆ. ವಿಜಯನಗರದ ಅರಸರು ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿಸಿ ತೆಗೆಸಿದ ಕಾಲುವೆಗಳು ಈ ಸೀಮೆಯಲ್ಲಿ ಇವತ್ತಿಗೂ ಹರಿಯುತ್ತವೆ. ಆ ದಂಡೆಗೆ ತುರ್ತು ಕಾಲುವೆ, ಬಸವಣ್ಣ ಕಾಲುವೆ. ಈ ದಂಡೆಗೆ ಆನೆಗೊಂದಿ ಕಾಲುವೆ, ಮೇಲಿನ ಗಂಗಾವತಿ, ಕೆಳಗಿನ ಗಂಗಾವತಿ ಕಾಲುವೆ. 1565ರ ಯುದ್ಧದ ನಂತರ ರಾಜಧಾನಿ ಹಾಳಾಯ್ತು, ಅರಮನೆ ಬಿತ್ತು, ಬಜಾರು ಬಿತ್ತು. ಕಾಲುವೆ ಮಾತ್ರ ಬೀಳಲಿಲ್ಲ. ಯಾಕಂದ್ರೆ ಅದರ ಹೂಳು ತೆಗೆಯುವ ರೈತ ಉಳಿದಿದ್ದ. ಹಾಳು ಹಂಪಿ ಅಂತಾರೆ. ನೀರು ಹರಿದ ಕಡೆ ಅದು ಎಂದೂ ಹಾಳಾಗಿರಲಿಲ್ಲ.

1970ರ ದಶಕದಿಂದ ವಿದೇಶದವರು ಹಂಪಿಗೆ ಬರಲು ಶುರು ಮಾಡಿದರು. ಮೊದಮೊದಲು ಬಂದವರಿಗೆ ಹೋಟೆಲ್ ಇರಲಿಲ್ಲ. ಬಜಾರಿನ ಕಲ್ಲು ಮಂಟಪದಲ್ಲೇ ಮಲಗುತ್ತಿದ್ದರು. 1986ರಲ್ಲಿ ಯುನೆಸ್ಕೋ ಹಂಪಿಯನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, ಬರುವವರು ಹೆಚ್ಚಾದರು. ಗುಡಿ ಇರೋ ಊರು ಅಂತ ಹಂಪಿಯಲ್ಲಿ ಮಾಂಸ, ಮದ್ಯ ನಡೆಯಲ್ಲ. ಹೊಳೆ ದಾಟಿದರೆ ಆ ಕಟ್ಟು ಇಲ್ಲ. ಹಂಗಾಗಿ ದೋಣಿ ಹತ್ತಿ ಗಡ್ಡಿಗೆ ಬಂದರು. ಸಂಜೆ ಕಡೇ ದೋಣಿ ಹೋದ ಮೇಲೆ ಗಡ್ಡಿ ಅವರದೇ ಲೋಕ. ಬಂಡೆ ಹತ್ತಿ ಸೂರ್ಯ ಮುಳುಗೋದು ನೋಡೋದು, ಗಿಟಾರ್ ಬಾರಿಸೋದು. ಹಿಪ್ಪಿ ಐಲ್ಯಾಂಡ್ ಅಂತ ಅವರೇ ಹೆಸರಿಟ್ಟರು. ಹೋಟೆಲ್ ಬೋರ್ಡು ಹೀಬ್ರೂ ಭಾಷೆಯಲ್ಲಿ ಬಂದವು. ಕನ್ನಡ ಓದಲು ಬಾರದ ನಮ್ಮ ಹುಡುಗರು ಹೀಬ್ರೂನಲ್ಲಿ ನಾಲ್ಕು ಮಾತು ಆಡಲು ಕಲಿತರು.

ನಮ್ಮ ಅಪ್ಪ ಗಡ್ಡಿಗೆ ಹಾಲು ಹಾಕುತ್ತಿದ್ದರು. ಅವರು ಹೇಳೋ ಮಾತು ಒಂದು: "ಅವರು ನೋಡಾಕ ಬರ್ತಿದ್ದದ್ದು ನಮ್ಮ ಗದ್ದಿ. ಹಸರು ಗದ್ದಿ, ನಡುವೆ ಬೆಳ್ಳಕ್ಕಿ, ಹಿಂದ ಬಂಡಿ. ಅದನ್ನ ನೋಡಾಕ ರೊಕ್ಕ ಕೊಡ್ತಿದ್ರು. ನಾವು ಆ ಗದ್ದಿ ಮುಚ್ಚಿ ಕೋಣಿ ಕಟ್ಟಿದ್ವಿ." ಒಬ್ಬ ತನ್ನ ಮನೆ ಮುಂದೆ ಎರಡು ಗುಡಿಸಲು ಹಾಕಿದ. ಅದು ತಪ್ಪಲ್ಲ, ಅವನ ಮಕ್ಕಳು ಓದಿದರು. ಆಮೇಲೆ ಹೊರಗಿನವರು ಬಂದರು, ಲೀಜಿಗೆ ತಗೊಂಡರು, ಕೊಂಡರು. ಗುಡಿಸಲು ಹೋಗಿ ಆರ್‌ಸಿಸಿ ಬಂತು. ಗದ್ದೆ ಒಡೆಯ ಅದೇ ಜಾಗದಲ್ಲಿ ವಾಚ್‌ಮನ್ ಆದ, ಅವನ ಹೆಂಡತಿ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಹೋದಳು.

ಇದೆಲ್ಲ ನಡೆಯುತ್ತಿದ್ದಾಗ ಒಂದು ಕಾಗದ ಸುಮ್ಮನೆ ಕೂತಿತ್ತು. 1961ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ 1988ರ ಅಕ್ಟೋಬರ್ 22ರಂದು ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ವಿರೂಪಾಪುರ ಗಡ್ಡಿಯನ್ನು ರಕ್ಷಿತ ಪ್ರದೇಶಕ್ಕೆ ಸೇರಿಸಿತ್ತು. ಕಾಗದ ಒಂದು ಕಡೆ, ಕಟ್ಟಡ ಒಂದು ಕಡೆ. ಕಟ್ಟುವಾಗ ಕೋಣೆ ಎದ್ದಿತು, ಕರೆಂಟ್ ಬಂತು. ಅಧಿಸೂಚನೆ ನೆನಪಾದದ್ದು ಕೆಡವುವಾಗ.

ನಡುವೆ ಎಚ್ಚರಿಕೆ ಬರಲಿಲ್ಲ ಅಂತಲ್ಲ. ಹೊಳೆಗೆ ಎರಡು ತೂಗು ಸೇತುವೆ ಕಟ್ಟಲು ಹೊರಟಾಗ, ಒಂದು ಆನೆಗೊಂದಿಗೆ, ಇನ್ನೊಂದು ಗಡ್ಡಿಗೆ, 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಆ ಪಟ್ಟಿಯಿಂದ ಹೊರಬರಲು 2006ರವರೆಗೂ ಕಾಯಬೇಕಾಯಿತು. ಈ ನಡುವೆ 2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ನಮ್ಮ ಎರಡೂ ದಂಡೆಯ 29 ಹಳ್ಳಿ ಅದರ ಕೈಕೆಳಗೆ. ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಮುರಿದು ಬಿತ್ತು, ಕೂಲಿಯವರು ಸತ್ತರು. ನಮ್ಮ ನೆಲ್ಲಿನ ಗಾಡಿ ಹೊಳೆ ದಾಟುವ ಆಸೆ ಇನ್ನೂ ಎಷ್ಟೋ ವರ್ಷ ಹಿಂದೆ ಬಿತ್ತು.

ಮೊದಲ ಪೆಟ್ಟು ಬಿದ್ದದ್ದು ಆ ದಂಡೆಗೆ. 2011ರ ಜುಲೈ 29ರಂದು ಹಂಪಿ ಬಜಾರಿಗೆ ಜೆಸಿಬಿ ಬಂದವು. ಮಂಟಪದ ಒಳಗೆ, ಮುಂದೆ ಮನೆ, ಅಂಗಡಿ, ಹೋಟೆಲ್ ಮಾಡಿಕೊಂಡು ದಶಕಗಳಿಂದ ಇದ್ದವರು ಒಂದು ದಿನದಲ್ಲಿ ಬೀದಿಗೆ ಬಂದರು. ಅವರಿಗೆ ಜಾಗ ಗುರುತಿಸಿದ್ದು ದೂರದ ಕಡ್ಡಿರಾಂಪುರದ ಹತ್ತಿರ. ಮಂಟಪ ಉಳಿಯಬೇಕು ಅನ್ನೋದು ಸರಿ. ಆದರೆ ಹೂ ಕಟ್ಟುವ ಹೆಣ್ಣುಮಗಳು ಗುಡಿ ಬಿಟ್ಟು ಬಯಲಿನಲ್ಲಿ ಯಾರಿಗೆ ಹೂ ಮಾರಬೇಕು?

ಈ ದಂಡೆಯಲ್ಲಿ ನಾವು ಏನು ಕಲಿತೆವು? ಏನೂ ಇಲ್ಲ. "ಅದು ಹಂಪಿ, ಇದು ಗಡ್ಡಿ" ಅಂದುಕೊಂಡೆವು. ಅಲ್ಲಿ ವ್ಯಾಪಾರ ಕಡಿಮೆ ಆದಷ್ಟೂ ಇಲ್ಲಿ ಜಾಸ್ತಿ ಆಯ್ತು ಅಂತ ಖುಷಿ ಪಟ್ಟವರೂ ಇದ್ದರು.

ಕೇಸು ನಡೆದೇ ಇತ್ತು. ರೆಸಾರ್ಟಿನವರ ವಾದ ಇಷ್ಟು: 1988ರ ಅಧಿಸೂಚನೆ ಗಡ್ಡಿಯಲ್ಲಿರುವ ಮಂಟಪಗಳಿಗೆ ಮಾತ್ರ, ಇಡೀ ಊರಿಗಲ್ಲ. 2015ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಕೇಸು ಇರುವಾಗಲೇ 2019ರ ಆಗಸ್ಟ್‌ನಲ್ಲಿ ಹೊಳೆ ಬಂತು. ನೂರಾರು ಪ್ರವಾಸಿಗರು ಗಡ್ಡಿಯಲ್ಲಿ ಸಿಕ್ಕಿಬಿದ್ದರು. ಕಾಪಾಡಲು ಹೋದವರ ದೋಣಿಯೇ ಮಗುಚಿತು, ಹೆಲಿಕಾಪ್ಟರ್ ತರಿಸಬೇಕಾಯಿತು. ಗದ್ದೆಗೆ ಹೊಳೆ ನುಗ್ಗಿದರೆ ಒಂದು ಬೆಳೆ ಹೋಗುತ್ತದೆ, ನೀರು ಇಳಿದ ಮೇಲೆ ಮತ್ತೆ ನಾಟಿ ಮಾಡಬಹುದು. ಕೋಣೆಗೆ, ಕೋಣೆಯೊಳಗೆ ಮಲಗಿದವರಿಗೆ ಆ ಮಾತು ಹೇಳಲು ಬರಲ್ಲ. ಹಿರಿಯರು ಗಡ್ಡಿಯಲ್ಲಿ ಗದ್ದೆ ಮಾಡಿದ್ದು ಸುಮ್ಮನೆ ಅಲ್ಲ.

2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರ ಗಡ್ಡಿಗೆ ಜೆಸಿಬಿ ಇಳಿದವು. ಮೂರು ವಾರದೊಳಗೆ ದೇಶಕ್ಕೆ ಲಾಕ್‌ಡೌನ್ ಬಂತು. ಕೆಡವಿದ ಕಲ್ಲು ಮಣ್ಣಿನ ಗುಡ್ಡೆ ಹಂಗೇ ಬಿತ್ತು.

ಯಾರು ಏನು ಕಳೆದುಕೊಂಡರು ಅನ್ನೋದು ಮುಖ್ಯ. ಹೊರಗಿನ ಮಾಲೀಕರು ಬೇರೆ ಕಡೆ ಹೋದರು, ಅವರಿಗೆ ಗೋವಾನೂ ಐತಿ, ಗೋಕರ್ಣನೂ ಐತಿ. ನನ್ನ ದೊಡ್ಡಪ್ಪನ ಮಗ ಒಂದು ಎಕರೆ ಲೀಜಿಗೆ ಕೊಟ್ಟಿದ್ದ. ಕೋಣೆ ಬಿದ್ದವು, ಬಾಡಿಗೆ ನಿಂತಿತು. ಉಳಿದದ್ದು ಕಾಂಕ್ರೀಟ್ ಬುನಾದಿ, ಶೌಚದ ಗುಂಡಿ, ಗಾಜಿನ ಚೂರು. ಪಹಣಿಯಲ್ಲಿ ಹೆಸರು ಇವನದೇ, ಹಂಗಾಗಿ ನೋಟಿಸು ಬಂದದ್ದೂ ಇವನಿಗೇ. ಆ ನೆಲ ಗದ್ದೆ ಮಾಡಲು ಮೂರು ವರ್ಷ ಹೆಣಗಾಡಿದ. ಮೊದಲ ನಾಟಿಗೆ ಬಂದ ಹೆಣ್ಣುಮಕ್ಕಳಲ್ಲಿ ಇಬ್ಬರ ಕಾಲಿಗೆ ಬಿಯರ್ ಬಾಟಲಿ ಗಾಜು ಹೊಕ್ಕಿತು. ಮಾರನೇ ದಿನ ಅವನ ಹೊಲಕ್ಕೆ ಯಾರೂ ನಾಟಿಗೆ ಬರಲಿಲ್ಲ.

ಅದೇ 2020ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಅಂತ ಮಾಡಿದರು. ಗಡ್ಡಿಯಿಂದ ಎದ್ದ ವ್ಯಾಪಾರ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ಕಡೆಗೆ ಸರಿಯಿತು. ಈಗ ಬರುವವರು ಹೆಚ್ಚಾಗಿ ಬೆಂಗಳೂರು, ಹೈದರಾಬಾದಿನವರು. ಶುಕ್ರವಾರ ರಾತ್ರಿ ಬರ್ತಾರೆ, ಭಾನುವಾರ ಹೋಗ್ತಾರೆ. ಅಂಜನಾದ್ರಿ ಬೆಟ್ಟಕ್ಕೆ ಬರುವ ಭಕ್ತರ ಲೆಕ್ಕ ಬೇರೆ. ನೆಲ್ಲು ಕೊಯ್ಯುವ ಮಷೀನ್ ಹೊಲಕ್ಕೆ ಒಯ್ಯಬೇಕಂದ್ರೆ ಶನಿವಾರ ರಸ್ತೆ ಸಿಗಲ್ಲ. ಎಣ್ಣಿ ಹೊಡೆದರೆ ಪಕ್ಕದ ಕೋಣೆಯವರಿಗೆ ವಾಸನೆ, ರಾತ್ರಿ ನೀರು ಕಟ್ಟಲು ಹೋದರೆ ನಮ್ಮ ಬ್ಯಾಟರಿ ಬೆಳಕು ಅವರಿಗೆ ತೊಂದರೆ. ಅವರ ಹಾಡಿನ ಡಬ್ಬಿ ಮಾತ್ರ ಯಾರಿಗೂ ತೊಂದರೆ ಅಲ್ಲ.

2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಹತ್ತಿರ ಎಡದಂಡೆ ಕಾಲುವೆ ಮೇಲೆ ಆದದ್ದು ಬರೆಯಲು ಕೈ ಬರಲ್ಲ. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು, ಜೊತೆಗಿದ್ದ ಗಂಡಸರನ್ನು ಕಾಲುವೆಗೆ ತಳ್ಳಿದರು, ಒಬ್ಬ ಸತ್ತ. ನಮ್ಮ ನೀರಿನಲ್ಲಿ. ಅದರ ತಪ್ಪು ಪ್ರವಾಸೋದ್ಯಮದ್ದು ಅಂತ ಹೇಳಿ ಕೈ ತೊಳೆದುಕೊಳ್ಳಲು ನಾನು ತಯಾರಿಲ್ಲ, ತಪ್ಪು ಮಾಡಿದವರದು. ಆದರೆ ಅದಾದ ಮೇಲೆ ಯಾವ ಹೋಂಸ್ಟೇಗೆ ಪರವಾನಗಿ ಐತಿ, ಯಾವುದಕ್ಕೆ ಇಲ್ಲ ಅಂತ ತಪಾಸಣೆ ಶುರುವಾಯ್ತು. 1988ರ ಕಾಗದದ ಕಥೆ ಮತ್ತೆ ನೆನಪಾಯ್ತು. ಬಜಾರು ಒಂದು ಸಲ, ಗಡ್ಡಿ ಒಂದು ಸಲ. ಮೂರನೇ ಸಲ ಜೆಸಿಬಿ ಬಂದರೆ ನಮ್ಮ ಹೊಲದಲ್ಲಿ.

ನಾನು ಹೋಂಸ್ಟೇ ವಿರೋಧಿ ಅಲ್ಲ. ಬಂದವರಿಗೆ ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಾಕಿ ನಾಲ್ಕು ದುಡ್ಡು ಕಾಣುವ ಮನೆಗಳು ನಮ್ಮಲ್ಲೂ ಅದಾವ. ಅವರು ಅದೇ ಮನೆಯಲ್ಲಿ ಇರ್ತಾರೆ. ರಾತ್ರಿ ಗದ್ದಲ ಆದರೆ ಎದ್ದು ಬಂದು "ಸಾಕ್ರಪ್ಪಾ, ಮಲಗ್ರಿ" ಅನ್ನೋ ಹಕ್ಕು ಅವರಿಗೈತಿ. ಲೀಜಿಗೆ ಕೊಟ್ಟವನಿಗೆ ಆ ಹಕ್ಕು ಇಲ್ಲ. ಅವನದೇ ಹೊಲದ ಗೇಟಿನಲ್ಲಿ ಅವನನ್ನೇ ಯಾರು ಅಂತ ಕೇಳ್ತಾರೆ.

ಹಂಗಾಗಿ ಸಹಿ ಹಾಕುವ ಮುಂಚೆ ನಾಲ್ಕು ವಿಷಯ ನೋಡಿಕೊಳ್ಳಿ. ಒಂದು, ನಿಮ್ಮ ಸರ್ವೆ ನಂಬರು ಪ್ರಾಧಿಕಾರದ ಮಾಸ್ಟರ್ ಪ್ಲ್ಯಾನಿನಲ್ಲಿ ಯಾವ ವಲಯಕ್ಕೆ ಬರುತ್ತದೆ ಅಂತ ಬರಹದಲ್ಲಿ ಕೇಳಿ, ಬಾಯಿ ಮಾತು ನಂಬಬೇಡಿ. ಎರಡು, ಎನ್‌ಎ ಆಗದ ಹೊಲದಲ್ಲಿ ಕೋಣೆ ಎದ್ದರೆ ನೋಟಿಸು ಬರೋದು ಪಹಣಿಯಲ್ಲಿರೋ ಹೆಸರಿಗೆ. ಮೂರು, ಲೀಜು ಮುಗಿದಾಗ ಅಥವಾ ಕಟ್ಟಡ ಕೆಡವಿದಾಗ ನೆಲ ಮೊದಲಿನಂತೆ ಮಾಡಿಕೊಡುವ ಖರ್ಚು ಯಾರದು ಅಂತ ಕರಾರಿನಲ್ಲಿ ಬರೆಸಿ. ನಾಲ್ಕು, ಕೊಳಚೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಉತ್ತರ "ಕಾಲುವೆ ಕಡೆಗೆ" ಅಂತಾದರೆ ಕೆಳಗಿನ ತೂಬಿನವರು ನಿಮ್ಮ ಅಣ್ಣತಮ್ಮಂದಿರೇ ಅನ್ನೋದು ನೆನಪಿರಲಿ.

ಮರುದಿನ ದಲ್ಲಾಳಿ ಫೋನ್ ಮಾಡಿದ. ಈ ನಾಲ್ಕನ್ನೂ ಕೇಳಿದೆ. "ಅಣ್ಣಾ, ಇಷ್ಟೆಲ್ಲಾ ಕೇಳಿದ್ರ ಅವರು ಪಕ್ಕದ ಹೊಲ ನೋಡ್ತಾರ" ಅಂದ. ನೋಡಲಿ ಅಂದೆ.

ಪಕ್ಕದ ಹೊಲ ಯಾರದು ಅಂತ ಗೊತ್ತಲ್ಲ. ಅದಕ್ಕೇ ಇಷ್ಟು ಉದ್ದ ಬರೆದೆ. ಒಬ್ಬನೇ ಕೇಳಿದರೆ ಅವರು ಪಕ್ಕಕ್ಕೆ ಹೋಗ್ತಾರೆ. ಎಲ್ಲರೂ ಅದೇ ನಾಲ್ಕು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಮುಂದಿನ ವಾರ ಸಸಿ ಮಡಿ ಬಗ್ಗೆ ಬರೀತೀನಿ.