ನೂರು ಫ್ರಾಂಕಿನ ಸಾಲ

ವೈನ್ ಅಂದ ತಕ್ಷಣ ನಮಗೆ ದೊಡ್ಡವರ ಪಾರ್ಟಿ ನೆನಪಾಗುತ್ತೆ, ಅಲ್ಲವೇ? ಆದರೆ ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಯ ಲಾಂಗ್ದೊಕ್‌ನಲ್ಲಿ ಅದು ಕೂಲಿಯವನ ದಿನನಿತ್ಯದ ಊಟದ ಭಾಗವಾಗಿತ್ತು. ಬ್ರೆಡ್ಡು, ಆಲಿವ್, ಉಪ್ಪು ಹಾಕಿದ ಮೀನು, ಜೊತೆಗೆ ಒಂದು ಲೋಟ ಕೆಂಪು ವೈನು.

19ನೇ ಶತಮಾನದಲ್ಲಿ ರೈಲು ಬಂದ ಮೇಲೆ ಅಲ್ಲಿನ ರೈತರು ಬೇರೆ ಬೆಳೆ ಬಿಟ್ಟು ದ್ರಾಕ್ಷಿಯನ್ನೇ ನಂಬಿದರು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಕೀಟ ಬಳ್ಳಿಗಳ ಬೇರಿಗೇ ಬಿತ್ತು. ಕೊನೆಗೆ ಅಮೆರಿಕದ ಬೇರಿಗೇ ಕಸಿ ಕಟ್ಟಿ ತೋಟ ಉಳಿಸಿಕೊಂಡರು. ಅಷ್ಟರಲ್ಲಿ ಸಕ್ಕರೆ, ಒಣದ್ರಾಕ್ಷಿ, ನೀರು ಸೇರಿಸಿ 'ವೈನು' ಮಾಡುವುದನ್ನು ವ್ಯಾಪಾರಿಗಳು ಕಲಿತಿದ್ದರು. ಫಸಲು ಮರಳಿದರೂ ಕಲಬೆರಕೆ ನಿಲ್ಲಲಿಲ್ಲ, ಬೆಲೆ ಪಾತಾಳಕ್ಕಿಳಿಯಿತು.

1907ರ ಮಾರ್ಚ್‌ನಲ್ಲಿ ಆರ್ಜೆಲಿಯೆ ಹಳ್ಳಿಯ ಮಾರ್ಸೆಲಿನ್ ಆಲ್ಬರ್ಟ್ ಎಂಬ ಹೋಟೆಲಿನವನು, ತಾನೂ ದ್ರಾಕ್ಷಿ ಬೆಳೆಯುವವನೇ, 87 ಜನರೊಂದಿಗೆ ನಾರ್ಬನ್‌ಗೆ ಹೊರಟ. ಜೂನ್ 9ರಂದು ಮೊಂಪೆಲಿಯೆಯಲ್ಲಿ ಸೇರಿದವರು ಐದು ಲಕ್ಷಕ್ಕೂ ಹೆಚ್ಚು! ಹತ್ತು ದಿನದಲ್ಲಿ ನಾರ್ಬನ್‌ನಲ್ಲಿ ಸೈನ್ಯ ಗುಂಡು ಹಾರಿಸಿ ಜನ ಸತ್ತರು. ಸ್ಥಳೀಯ ಹುಡುಗರೇ ತುಂಬಿದ್ದ 17ನೇ ರೆಜಿಮೆಂಟು ದಂಗೆಯೆದ್ದಿತು.

ಆಲ್ಬರ್ಟ್ ಪ್ಯಾರಿಸ್ಸಿಗೆ ಹೋಗಿ ಪ್ರಧಾನಿ ಕ್ಲೆಮನ್ಸೊನನ್ನು ಕಂಡ. ಕ್ಲೆಮನ್ಸೊ ಊರಿಗೆ ಮರಳಲು ರೈಲು ಖರ್ಚಿಗೆಂದು ನೂರು ಫ್ರಾಂಕ್ ಕೊಟ್ಟ, ಆಮೇಲೆ ಪತ್ರಕರ್ತರಿಗೂ ಹೇಳಿಬಿಟ್ಟ. ಮುಗಿಯಿತು! ಆಲ್ಬರ್ಟ್ ಮಾರಿಕೊಂಡ ಎಂಬ ಮಾತು ಹಬ್ಬಿತು.

ಜೂನ್ 29ರಂದು ಕಲಬೆರಕೆ ತಡೆಯುವ ಕಾನೂನು ಬಂತು. ವೈನನ್ನು ತಾಜಾ ದ್ರಾಕ್ಷಿಯಿಂದಲೇ ಮಾಡಬೇಕು ಎಂದು ಅದೇ ವರ್ಷ ಸರ್ಕಾರ ವಿಧಿಸಿತು. ರೈತರು ಕೇಳಿದ್ದು ಸಿಕ್ಕಿತು. ಆದರೆ 1921ರಲ್ಲಿ ತೀರಿಕೊಳ್ಳುವವರೆಗೂ ಆಲ್ಬರ್ಟ್‌ಗೆ ಮೊದಲಿನ ಮರ್ಯಾದೆ ಮರಳಿ ಸಿಗಲಿಲ್ಲ. ವೈನಿನ ಕಲಬೆರಕೆ ತಡೆಯಲು ಕಾನೂನಿತ್ತು, ಮಾತಿನ ಕಲಬೆರಕೆಗೆ ಇರಲಿಲ್ಲ.